ಸತ್ತ ಕೋಳಿಗೂ ದುಡ್ಡು ಬರತ್ತಾ?
ಅಣ್ಣಾ, ಹಕ್ಕಿಜ್ವರ ಬಂದು, ಪಶು ಡಾಕ್ಟ್ರು ಬರೋಕೆ ಮೊದ್ಲೇ 120 ಕೋಳಿ ಸತ್ತಿದ್ವು, ಉಳಿದ 280ನ ಅವರೇ ಕೊಂದು ಹೂತ್ರು, 400ಕ್ಕೂ ದುಡ್ಡು ಬರತ್ತಾ ಅಂತ ಕೇಳಿದ್ರಲ್ಲ, ಇಲ್ಲ ಬರಲ್ಲ. ಹಕ್ಕಿಜ್ವರದಲ್ಲಿ ಸರ್ಕಾರ ಕೊಡೋದು ತಾನು ಕೊಂದಿದ್ದಕ್ಕೆ ಮಾತ್ರ, ತಾನಾಗೇ ಸತ್ತಿದ್ದು ಲೆಕ್ಕಕ್ಕಿಲ್ಲ. ಅದಕ್ಕೇ ನಾಲ್ಕು ಕೋಳಿ ಸತ್ತ ದಿನಾನೇ ಪಶು ಆಸ್ಪತ್ರೆಗೆ ಹೇಳ್ಬೇಕು, ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯೋ 2009ರ ಕಾಯ್ದೆ ಪ್ರಕಾರ ತಿಳಿಸೋದು ಮಾಲೀಕರ ಕರ್ತವ್ಯ ಕೂಡ. ನಮ್ಮವರು ಊರಿಗೆ ಗೊತ್ತಾದ್ರೆ ವ್ಯಾಪಾರ ಹೋಗತ್ತೆ ಅಂತ ಮುಚ್ಚಿಡ್ತಾರೆ, ಏನ್ ಹೇಳೋದು.

ನಾಶ ಮಾಡಿದ ಮೊಟ್ಟೆ, ಫೀಡ್‌ಗೂ ಪರಿಹಾರ ಇದೆ, ಅದನ್ನ ಬರೆಸಿದ್ರಾ? ನಮ್ಮ ಮಾವನ ಶೆಡ್‌ನಲ್ಲಿ ಮಹಜರಲ್ಲಿ 'ಸುಮಾರು 300' ಅಂತ ಗೀಚಿದ್ರು, ಫೀಡ್ ಮೂಟೆ ಸುದ್ದೀನೇ ಇರ್ಲಿಲ್ಲ, ಮಾವ ಗಲಾಟೆ ಮಾಡಿ ಒಂದೊಂದೇ ಮೂಟೆ ಎಣಿಸಿ ಬರೆಸಿದ್ಮೇಲೇ ಸೈನ್ ಹಾಕಿದ್ದು. ನೀವೂ ಮಹಜರಿನ ಜೆರಾಕ್ಸ್ ಇಸ್ಕೊಳಿ, ಮರಿ ಎಷ್ಟು ದೊಡ್ಡದೆಷ್ಟು ಅಂತ ಬೇರೆಬೇರೆ ಇದ್ಯಾ ನೋಡಿ, ರೇಟು ವಯಸ್ಸಿನ ಮೇಲೆ.

ಇನ್ನೊಂದು, ಕಂಪನಿ ಮರಿ ಕೊಟ್ಟು ಸಾಕಿಸೋ ಫಾರಂ ಆದ್ರೆ ಕೋಳಿ ಕಂಪನಿದು, ಪೇಪರಲ್ಲಿ ಯಾರ ಹೆಸರು ಹಾಕಿದಾರೆ ಅಂತ ಮೊದ್ಲು ನೋಡ್ಕೊಳಿ. ದುಡ್ಡಲ್ಲಿ ಅರ್ಧ ಕೇಂದ್ರದ್ದು ಅರ್ಧ ರಾಜ್ಯದ್ದು, ಸೋ ಲೇಟ್ ಆಗತ್ತೆ, ತಾಲೂಕಿನ ಪಶು ಇಲಾಖೆ ಆಫೀಸಿಗೆ ಅಲೀತಾ ಇರಿ.