ಹಳ್ಳದ ಕಲ್ಲಿನ ಲೋಳೆ ತಾಮ್ರ ಹಿಡಿಯುತ್ತಾ?

ಪ್ರಶ್ನೆ: ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೇವೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ತೋಟದ ನೀರು ಕೆಳಗಿನ ಹಳ್ಳಕ್ಕೇ ಹೋಗುತ್ತದೆ. ಅಲ್ಲಿನ ಕಲ್ಲಿನ ಲೋಳೆ ತಾಮ್ರ ಹಿಡಿಯುತ್ತದೆ ಅಂತಾಳೆ ಮಗಳು. ನಿಜವಾ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ್ದು ಸರಿ. ಕಾಲು ಜಾರಿದಾಗ ನಾವು ಬೈಯುವ ಆ ಲೋಳೆ ಬರೀ ಪಾಚಿಯಲ್ಲ, ಬ್ಯಾಕ್ಟೀರಿಯಾ, ಪಾಚಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳೆಲ್ಲ ಸೇರಿ ತಾವೇ ಸುರಿಸಿದ ಅಂಟಿನೊಳಗೆ ಕಟ್ಟಿಕೊಂಡ ಮನೆ. ಬಯೋಫಿಲ್ಮ್ ಅಂತಾರೆ. ಆ ಅಂಟಿನಲ್ಲಿ ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನ್‌ಗಳು ಇರುತ್ತವೆ. ಅವುಗಳ ಕಾರ್ಬಾಕ್ಸಿಲ್, ಫಾಸ್ಫೇಟ್ ಗುಂಪುಗಳಲ್ಲಿ ಋಣ ವಿದ್ಯುದಂಶ. ನೀರಲ್ಲಿ ಕರಗಿದ ತಾಮ್ರ, ಸೀಸ, ಸತು, ಕ್ಯಾಡ್ಮಿಯಂ ಅಯಾನುಗಳಲ್ಲಿ (ವಿದ್ಯುದಂಶ ಹೊತ್ತ ಕಣಗಳಲ್ಲಿ) ಧನ ವಿದ್ಯುದಂಶ. ಹಾಗಾಗಿ ಬಂದು ಅಂಟುತ್ತವೆ. ಲೋಳೆಯಲ್ಲಿ ಕೂತ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡ್‌ಗಳಂತೂ ಸೀಸವನ್ನು ಗಟ್ಟಿಯಾಗಿ ಹಿಡಿಯುತ್ತವೆ.

ಆದರೆ ಹಿಡಿದದ್ದು ಮಾಯವಾಗುವುದಿಲ್ಲ ನೋಡಿ. ನೀರು ಆಮ್ಲೀಯವಾದರೆ ಲೋಹ ಮತ್ತೆ ಬಿಟ್ಟುಕೊಳ್ಳುತ್ತದೆ, ಜೋರು ಮಳೆಗೆ ಲೋಳೆಯೇ ಕಿತ್ತುಕೊಂಡು ತುಂಗೆಯ ಕಡೆ ಹೋಗುತ್ತದೆ, ಮೀನು, ಬಸವನಹುಳು ಕೆರೆದು ತಿಂದರೆ ಅವುಗಳ ಹೊಟ್ಟೆಗೆ. ತಾಮ್ರ ಜಾಸ್ತಿಯಾದರೆ ಪಾಚಿಯೇ ಸಾಯುತ್ತದೆ. ಕೊಳೆರೋಗಕ್ಕೆ ನಾವು ಅದನ್ನು ಹೊಡೆಯುವುದೂ ಅದು ವಿಷ ಅಂತಲೇ ಅಲ್ವಾ? ಡ್ರಮ್ ತೊಳೆದ ನೀರನ್ನು ಮಾತ್ರ ಹಳ್ಳಕ್ಕೆ ಸುರಿಯಬೇಡಿ.