ಕತ್ತಲಲ್ಲೂ ಕೈ ಬೆಂಕಿಪೊಟ್ಟಣಕ್ಕೇ ಹೋಗುವುದು ಹೇಗೆ?

ಪ್ರಶ್ನೆ: ರಾತ್ರಿ ಅಡುಗೆಮನೆಯಲ್ಲಿದ್ದಾಗ ಕರೆಂಟ್ ಹೋದರೆ, ಆಗಷ್ಟೇ ಕಟ್ಟೆಯ ಮೇಲೆ ಕಂಡಿದ್ದ ಬೆಂಕಿಪೊಟ್ಟಣಕ್ಕೆ ನೇರವಾಗಿ ಕೈ ಹೋಗುತ್ತದೆ. ಅಷ್ಟರಲ್ಲಿ ಯಾರಾದರೂ ಮಾತಿಗೆಳೆದರೆ ಮಾತ್ರ ತಡಕಾಡಬೇಕಾಗುತ್ತದೆ. ನನಗೀಗ 61 ವರ್ಷ. ಇದು ಮರೆವಿನ ಕಾಯಿಲೆಯ ಲಕ್ಷಣವೇ?

ಉತ್ತರ: ತೊಂದರೆ ಇಷ್ಟೇ ಆಗಿದ್ದರೆ ನೀವು ಗಾಬರಿಪಡಬೇಕಾಗಿಲ್ಲ. ಕಣ್ಣಿಗೆ ಮರೆಯಾದ ವಸ್ತುವಿನ ಜಾಗವನ್ನು ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯು ವರ್ಕಿಂಗ್ ಮೆಮೊರಿಯ ಒಂದು ಬಗೆ. ಹಣೆಯ ಹಿಂದಿರುವ ಮಿದುಳಿನ ಭಾಗವಾದ ಪ್ರೀಫ್ರಂಟಲ್ ಕಾರ್ಟೆಕ್ಸ್‌ಗೆ ಅದರಲ್ಲಿ ದೊಡ್ಡ ಪಾತ್ರವಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಕ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗವು ನಿಮ್ಮ ಅಡುಗೆಮನೆಯ ಸ್ಥಿತಿಯನ್ನೇ ಹೋಲುತ್ತದೆ. ಪರದೆಯ ನಡುವಿನ ಚುಕ್ಕೆಯಲ್ಲಿ ದೃಷ್ಟಿ ನೆಟ್ಟಿದ್ದ ಕೋತಿಗೆ, ಸುತ್ತಲಿನ ಎಂಟು ಜಾಗಗಳಲ್ಲಿ ಯಾವುದೋ ಒಂದರಲ್ಲಿ ಬೆಳಕು ಕ್ಷಣಕಾಲ ಕಂಡು ಮಾಯವಾಗುತ್ತಿತ್ತು. ಕೆಲವು ಸೆಕೆಂಡುಗಳ ನಂತರ ನಡುವಿನ ಚುಕ್ಕೆಯೂ ಆರಿದಾಗ ಅದು ಬೆಳಕಿದ್ದ ಜಾಗದತ್ತ ಕಣ್ಣು ಹೊರಳಿಸಬೇಕಿತ್ತು. ಕಾಯುವ ಆ ಅವಧಿಯಲ್ಲಿ ಬೆಳಕಿನ ಸುಳಿವೇ ಇರದಿದ್ದರೂ ಪ್ರೀಫ್ರಂಟಲ್ ಭಾಗದ ಕೆಲವು ನರಕೋಶಗಳು ಬಿಡದೆ ಮಿಡಿಯುತ್ತಿದ್ದವು. ಒಂದು ಕೋಶ ಎಡಗಡೆಯ ಜಾಗಕ್ಕೆ, ಇನ್ನೊಂದು ಮೇಲ್ಗಡೆಯ ಜಾಗಕ್ಕೆ ಎಂಬಂತೆ ಅವುಗಳಲ್ಲಿ ಹಂಚಿಕೆಯೂ ಇತ್ತು. ಮಿಡಿತ ಕುಗ್ಗಿದಾಗ ಕೋತಿ ತಪ್ಪು ಮಾಡುತ್ತಿತ್ತು ಎಂಬುದೇ, ನನ್ನ ದೃಷ್ಟಿಯಲ್ಲಿ, ಅಲ್ಲಿನ ಅತ್ಯಂತ ಮಹತ್ವದ ಸಂಗತಿ.

ಪ್ರೀಫ್ರಂಟಲ್ ಕಾರ್ಟೆಕ್ಸನ್ನು ನೆನಪಿನ ಉಗ್ರಾಣವೆಂದು ಬಣ್ಣಿಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿನ ನರಕೋಶಗಳು ಒಂದನ್ನೊಂದು ಪ್ರಚೋದಿಸುತ್ತ ಸಂಕೇತವನ್ನು ಜೀವಂತವಾಗಿ ಉಳಿಸಿಕೊಳ್ಳುತ್ತವೆ. ತಿದಿ ಒತ್ತುತ್ತಿರುವಷ್ಟು ಹೊತ್ತು ಮಾತ್ರ ಶ್ರುತಿಪೆಟ್ಟಿಗೆ ನುಡಿಯುವಂತೆ, ಮಿಡಿತ ಮುಂದುವರಿಯುವಷ್ಟು ಹೊತ್ತು ನೆನಪು ಉಳಿಯುತ್ತದೆ. ಮಾತಿಗೆ ಗಮನ ಹರಿದಾಗ ಆ ಮಿಡಿತ ಕದಡಬಹುದು. ಡೋಪಮೈನ್ ರಾಸಾಯನಿಕವೂ ಇಲ್ಲಿ ಹದವಾಗಿರಬೇಕು. ಅದು ತೀರಾ ಕಡಿಮೆಯಾದರೂ, ತೀವ್ರ ಒತ್ತಡದಲ್ಲಿ ಆಗುವಂತೆ ವಿಪರೀತ ಹೆಚ್ಚಾದರೂ, ಹಿಡಿತ ತಪ್ಪುತ್ತದೆ.

ವಯಸ್ಸಿನ ಪ್ರಭಾವವೂ ಉಂಟು. ಯೇಲ್‌ನಲ್ಲೇ ಏಮಿ ಆರ್ನ್‌ಸ್ಟನ್ ಅವರ ತಂಡವು 2011ರಲ್ಲಿ, ಕಾಯುವ ಅವಧಿಯ ಈ ಮಿಡಿತವು ಮುಪ್ಪಾದ ಕೋತಿಗಳಲ್ಲಿ ತಗ್ಗಿರುವುದನ್ನು ತೋರಿಸಿತು. ಆದ್ದರಿಂದ ಮೂವತ್ತರಲ್ಲಿ ಮಾತಾಡುತ್ತಲೇ ಮಾಡುತ್ತಿದ್ದ ಕೆಲಸಕ್ಕೆ ಅರವತ್ತರಲ್ಲಿ ಹೆಚ್ಚು ಗಮನ ಬೇಕಾಗುವುದು ಸಹಜ.

ಬೆಂಕಿಪೊಟ್ಟಣವನ್ನು ನಿನ್ನೆ ಎಲ್ಲಿಟ್ಟಿರಿ ಎಂಬುದು ಬೇರೆಯೇ ನೆನಪು. ಅದು ಮುಖ್ಯವಾಗಿ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಅವಲಂಬಿಸಿದೆ. ದಿನವೂ ಓಡಾಡುವ ದಾರಿ ತಪ್ಪುವುದು, ಹೇಳಿದ್ದನ್ನೇ ಅರಿವಿಲ್ಲದೆ ಮತ್ತೆ ಮತ್ತೆ ಕೇಳುವುದು ಮುಂತಾದವು ಶುರುವಾದರೆ ತಡಮಾಡದೆ ನರರೋಗ ತಜ್ಞರನ್ನು ಕಾಣಿರಿ.