ಕುಡಿತ ಬಿಡಿಸುವ ಸಮಾಲೋಚನೆ: ಮೊದಲು ಏನು ಕಲಿಯಬೇಕು?

ಪ್ರಶ್ನೆ: ಎಂ.ಎಸ್‌.ಡಬ್ಲ್ಯು. ಮುಗಿಸಿದ್ದೇನೆ. ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗುವ ಆಸೆ. ತಯಾರಿ ಹೇಗೆ?
– ಓದುಗರು, ಹಾವೇರಿ

ಉತ್ತರ: ಓದು ಸಾಕಷ್ಟಿದೆ, ಇನ್ನು ಬೇಕಿರುವುದು ಕೈಪಳಗುವುದು. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಡೆಸುವ ತರಬೇತಿಗಳನ್ನು ವಿಚಾರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ ರೂಢಿಯಾಗಲಿ: 10 ಪ್ರಶ್ನೆ, 40 ಅಂಕ, 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ. “ಎಷ್ಟು ಕುಡೀತೀರಿ?” ಎಂದರೆ “ಸ್ವಲ್ಪ” ಎನ್ನುತ್ತಾರೆ. ನೈಂಟಿಯೋ ಕ್ವಾರ್ಟರೋ ಎಂದೇ ಕೇಳಿ. 180 ಮಿ.ಲೀ. ಕ್ವಾರ್ಟರ್ ಎಂದರೆ ಲೆಕ್ಕದಲ್ಲಿ ಸುಮಾರು 6 ಡ್ರಿಂಕ್ (ವಿಸ್ಕಿ, ರಮ್‌ನಂಥ ಮದ್ಯದ 30 ಮಿ.ಲೀ.ಗೆ ಒಂದರಂತೆ).

ದಿನವೂ ವಿಪರೀತ ಕುಡಿಯುವವರಿಗೆ “ಇವತ್ತೇ ಬಿಡಿ” ಎಂದು ಹೇಳಿ ಮನೆಗೆ ಕಳಿಸಲೇಬೇಡಿ. ಕೊನೆಯ ಕುಡಿತದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2–3ನೇ ದಿನ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು. ಕೈನಡುಕ, ಬೆವರು, ಹಿಂದೆ ಫಿಟ್ಸ್ ಬಂದ ಇತಿಹಾಸವಿದ್ದರೆ ಮೊದಲು ವೈದ್ಯರು, ಆಮೇಲೆ ಸಮಾಲೋಚನೆ.

ಮಾತುಕತೆಯಲ್ಲಿ ಬುದ್ಧಿವಾದ ಬೇಡ. “ಬಿಡಬೇಕು ಅನ್ನೋ ಮನಸ್ಸು 10ಕ್ಕೆ ಎಷ್ಟಿದೆ?” ಎಂದು ಕೇಳಿ. ಅವರು 4 ಎಂದರೆ “10 ಯಾಕಲ್ಲ?” ಎನ್ನಬೇಡಿ, ನೆಪಗಳೇ ಬರುತ್ತವೆ. “2 ಯಾಕಲ್ಲ?” ಎನ್ನಿ, ಬಿಡಲು ಕಾರಣಗಳನ್ನು ಅವರೇ ಹೇಳತೊಡಗುತ್ತಾರೆ. ಇದು ಪುಸ್ತಕದಿಂದ ಬರುವುದಿಲ್ಲ. ಹಿರಿಯ ಸಮಾಲೋಚಕರ ಪಕ್ಕದಲ್ಲಿ ಕೂತು ಕಲಿಯಿರಿ, ನಿಮ್ಮ ಕೇಸುಗಳನ್ನು ವಾರಕ್ಕೊಮ್ಮೆ ಅವರ ಮುಂದಿಡಿ.